ಎಡಗಡೆಯ ಕೆಳಗಿನ ಮೂಲೆ

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಲಿಂಗಸುಗೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತಹಶೀಲ್ದಾರ್ ಕಚೇರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಅರ್ಜಿ ಟೈಪು ಮಾಡುವುದು, ಆನ್‌ಲೈನ್ ಫಾರಂ ತುಂಬುವುದು, ಝೆರಾಕ್ಸ್ ತೆಗೆಯುವುದು ನನ್ನ ಕೆಲಸ. ದಿನವೂ ಮಂದಿಯ ಹೆಸರು, ತಂದೆಯ ಹೆಸರು, ಸರ್ವೆ ನಂಬರು ಕೇಳಿ ಕೇಳಿ ನಾಲಿಗೆ ಹರಿತವಾಗಿದೆ. "ಅಕ್ಕಾರ ಬೈತಾರ, ಆದ್ರ ಕೆಲಸ ಕೆಡಸಂಗಿಲ್ಲ" ಎನ್ನುತ್ತಾರೆ. ಅದು ಹೊಗಳಿಕೆಯೋ ತೆಗಳಿಕೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನನ್ನ ಯಜಮಾನರು ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದವರು. ಆಫೀಸಿನಲ್ಲಲ್ಲ, ಭೂಮಿಯೊಳಗೆ. ನೌಕರಿ ಮುಗಿಯುವವರೆಗೆ ನಾವು ಅಲ್ಲಿಯ ಕ್ವಾರ್ಟರ್ಸಿನಲ್ಲೇ ಇದ್ದೆವು, ನಾನು ಬಸ್ಸಿನಲ್ಲಿ ಅಂಗಡಿಗೆ ಬಂದು ಹೋಗುತ್ತಿದ್ದೆ. ನಿವೃತ್ತರಾಗಿ ಲಿಂಗಸುಗೂರಿಗೆ ಬಂದ ಮೇಲೆ ಅವರಿಗೆ ಹೊತ್ತು ಹೋಗದಾಯಿತು. ಅಡುಗೆಮನೆಗೆ ನುಗ್ಗಿ ನನ್ನ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ಖಾರಪುಡಿ ಎಂದು ಕೈ ಹಾಕಿದರೆ ಅರಿಶಿನ. ಸಕ್ಕರೆ ಎಂದು ಕೈ ಹಾಕಿದರೆ ರವೆ. ಮೂರು ದಿನ ತಡೆದುಕೊಂಡೆ. ನಾಲ್ಕನೇ ದಿನ ಹೇಳಿದೆ: "ಏಳ್ರಿ, ಅಂಗಡಿಗೆ ನಡೀರಿ. ಇಲ್ಲಂದ್ರ ನಾನರ ಇರ್ತೀನಿ, ಇಲ್ಲಾ ಈ ಡಬ್ಬಿಯರ ಇರ್ತಾವು."

ಹಾಗೆ ಬಂದವರು ಕಂಪ್ಯೂಟರ್ ಕಲಿತರು. ಕಲಿತ ರೀತಿ ಮಾತ್ರ ಅವರದೇ. ಓದು ಬರುತ್ತಿರಲಿಲ್ಲವೆಂದಲ್ಲ, ಮೆಟ್ರಿಕ್ ಮುಗಿಸಿದ್ದಾರೆ. ಆದರೆ ಪರದೆಯ ಮೇಲಿನ ಅಕ್ಷರವನ್ನು ಅವರು ನಂಬುತ್ತಿರಲಿಲ್ಲ, ಜಾಗವನ್ನು ನಂಬುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಹೇಳಿದರು: "ಗಣಿಯೊಳಗ ತಲಿಮ್ಯಾಲಿನ ದೀಪ ಆರಿತಂದ್ರ ಕಣ್ಣಿಗೆ ಏನ್ ಕೆಲಸೈತಿ? ಒಂದ್ ಕೈ ಗ್ವಾಡಿ ಮ್ಯಾಲ ಇಡಬೇಕು, ಹೆಜ್ಜಿ ಎಣಿಸಿಕೋತ ನಡೀಬೇಕು. ಎಣಿಕಿ ಯಾವತ್ತೂ ಸುಳ್ಳು ಹೇಳಂಗಿಲ್ಲ."

ಒಂದು ನೋಟ್‌ಬುಕ್ ತಂದು ದಾರಿ ಬರೆದಿಟ್ಟುಕೊಂಡರು. 'ಎಡಗಡೆ ಕೆಳಗಿನ ಮೂಲಿ, ಒಂದು ಸಲ ಒತ್ತು.' ಇದು ಎಲ್ಲಾ ಪುಟಗಳ ಮೊದಲನೇ ಸಾಲು. ಸ್ಟಾರ್ಟ್ ಬಟನ್ನು ಇರುವ ಪರದೆಯ ಆ ಮೂಲೆ ಅವರಿಗೆ ಗಣಿಯ ಬಾಯಿ ಇದ್ದಂತೆ, ಒಳಗೆ ಹೋಗುವುದೂ ಅಲ್ಲಿಂದಲೇ, ಹೊರಗೆ ಬರುವುದೂ ಅಲ್ಲಿಂದಲೇ. ಮುಂದಿನ ಪುಟಗಳಲ್ಲಿ, 'ಮ್ಯಾಲಿಂದ ನಾಕನೇದು, ಎರಡು ಸಲ ಒತ್ತು, ಬಾಡಿಗಿ ಕರಾರು.' 'ಮ್ಯಾಲಿಂದ ಮೂರನೇದು, ಮರಣದ ಅರ್ಜಿ.' ಆರು ತಿಂಗಳಲ್ಲಿ ನೋಟ್‌ಬುಕ್ಕನ್ನು ನೋಡದೆಯೇ ಕೆಲಸ ಮಾಡತೊಡಗಿದರು. ನನ್ನಷ್ಟು ಜಲ್ದಿ ಅಲ್ಲ, ಆದರೆ ನನ್ನಂತೆ ಬೈಯುತ್ತಿರಲಿಲ್ಲವಾದ್ದರಿಂದ ವಯಸ್ಸಾದವರೆಲ್ಲ ಅವರ ಟೇಬಲಿಗೇ ಹೋಗಿ ಕೂರುತ್ತಿದ್ದರು.

ಈ ಎಣಿಕೆ ಒಮ್ಮೆ ಕೈಕೊಟ್ಟಿತು. ನಾನು ಪರದೆಯ ಮೇಲೆ ಹೊಸದೊಂದು ಫೈಲು ಇಟ್ಟಿದ್ದೆ, ಉಳಿದವೆಲ್ಲ ಒಂದೊಂದು ಮನೆ ಕೆಳಗೆ ಸರಿದಿದ್ದವು. ಅವರಿಗೆ ಹೇಳುವುದನ್ನು ಮರೆತೆ. ಮಸ್ಕಿಯಿಂದ ಬಂದಿದ್ದ ಒಬ್ಬ ಬಾಡಿಗೆ ಕರಾರು ಬೇಕೆಂದ. ಇವರು ಮೇಲಿನಿಂದ ನಾಲ್ಕು ಎಣಿಸಿ ಒತ್ತಿದರು. ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಖಾಲಿ ಜಾಗದಲ್ಲಿ ಅಚ್ಚುಕಟ್ಟಾಗಿ ತುಂಬಿ ಪ್ರಿಂಟು ಕೊಟ್ಟರು. ಆ ಮನುಷ್ಯ ಓದಿ, ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಯಜಮಾನ್ರ, ನಾ ಇನ್ನಾ ಜೀವಂತ ಅದೀನ್ರೀ!"

ಅವನ ಹೆಸರಿನಲ್ಲಿ ಮರಣ ಪ್ರಮಾಣಪತ್ರದ ಅರ್ಜಿ ತಯಾರಾಗಿತ್ತು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬಂದೆ. ಇವರು ಮಾತ್ರ ಕನ್ನಡಕ ಮೇಲೆತ್ತಿ, "ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚತೈತಿ ಅಂತಾರ. ತಗೋರಿ, ಇನ್ನೊಂದ್ ಇಪ್ಪತ್ತು ವರ್ಷ ಅಡ್ಡಿಲ್ಲ ನಿಮಗ" ಎಂದರು. ಅವನು ನಕ್ಕುಬಿಟ್ಟ. ಆವತ್ತಿನಿಂದ ಪರದೆಯ ಮೇಲೆ ಏನನ್ನೂ ಕದಲಿಸಬಾರದೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು.

ಒಪ್ಪಂದ ನಾವು ಮಾಡಿಕೊಂಡರೆ ಸಾಕೇ? ಅರ್ಜಿ ಹಾಕುವ ವೆಬ್‌ಸೈಟುಗಳು ಒಂದೊಂದಾಗಿ ಹಳೆಯ ವಿಂಡೋಸ್‌ನಲ್ಲಿ ತೆರೆಯದಾದವು. ಒಂದಷ್ಟು ದಿನ ಅಂಗಡಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿ, ಕೊನೆಗೆ ಹೊಸ ವಿಂಡೋಸ್ ಇರುವ ಹೊಸ ಕಂಪ್ಯೂಟರ್ ತಂದೆ. ಅದರ ಸ್ಟಾರ್ಟ್ ಬಟನ್ನು ಎಡಮೂಲೆಯಲ್ಲಿ ಇರಲಿಲ್ಲ, ಕೆಳಗಿನ ಸಾಲಿನ ನಟ್ಟನಡುವೆ ಬಂದು ಕೂತಿತ್ತು. ಇವರು ದೂರದಿಂದ ನೋಡಿದರು. "ಚಂದೈತಿ" ಎಂದರು. ತಮ್ಮ ಹಳೆಯದರ ಮುಂದೆ ಹೋಗಿ ಕೂತರು. ಆನ್‌ಲೈನಿನದು ನನಗೆ, ಟೈಪಿಂಗು ಅವರಿಗೆ ಎಂದು ಕೆಲಸ ಹಂಚಿಕೊಂಡೆವು. ಒಂದು ವರ್ಷ ಹಾಗೇ ನಡೆಯಿತು.

ಹಳೆಯದು ಆಮೇಲೆ ನಡುನಡುವೆ ನಿಂತುಬಿಡತೊಡಗಿತು. ಲಿಂಗಸುಗೂರಿನಲ್ಲಿ ಇಬ್ಬರು ಕೈಯಾಡಿಸಿ ಬಿಟ್ಟರು. ಸಿಂಧನೂರಿನಲ್ಲಿ ಒಬ್ಬರು ಚಲೋ ರಿಪೇರಿ ಮಾಡುತ್ತಾರೆಂದು ಕೇಳಿ ಬಸ್ಸು ಹತ್ತಿದೆವು. ಸೀಟಿನ ಕೆಳಗೆ ಜಾಗವಿದ್ದರೂ ಇವರು ಕಂಪ್ಯೂಟರಿನ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು, ರಸ್ತೆಯಲ್ಲಿ ತಗ್ಗು ಬಂದಾಗಲೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದರು. ಮಸ್ಕಿ ನನ್ನ ತವರು. ಅಲ್ಲಿ ಬಸ್ಸು ನಿಂತಾಗ ಪರಿಚಯದ ಹೆಂಗಸೊಬ್ಬಳು ಕಿಟಕಿಯಲ್ಲಿ ಇಣುಕಿ, "ಏನವ್ವಾ, ದವಾಖಾನಿಗೇನು?" ಎಂದಳು. ಹೌದೆಂದೆ.

ಸಿಂಧನೂರಿನ ರಿಪೇರಿಯವರು ಡಬ್ಬ ಬಿಚ್ಚಿ, ಧೂಳು ಊದಿ, ಅರ್ಧ ತಾಸು ನೋಡಿದರು. "ಇದರ ಸಾಮಾನು ಈಗ ಬರಂಗಿಲ್ರೀ ಯಜಮಾನ್ರ. ಹೊಸಾ ವಿಂಡೋಸ್ ಹಾಕಿದ್ರ ಇದು ತಡಕೊಳ್ಳಂಗಿಲ್ಲ. ಹಳೇದನ್ನ ಹಂಗ ಇಟ್ರ ಯಾವಾಗ ನಿಂದ್ರತೈತೋ ಹೇಳಾಕ ಆಗಂಗಿಲ್ಲ."

ಇವರು ಕೇಳಿದ್ದು ಒಂದೇ ಮಾತು. "ಒಳಗ ಇದ್ದವನ್ನೆಲ್ಲಾ ಹೊರಗ ತಗೀಬಹುದೇನ್ರೀ?"

ತೆಗೆಯಬಹುದಿತ್ತು. ಅರ್ಜಿಯ ಫೈಲುಗಳೆಲ್ಲ ಒಂದು ಪೆನ್‌ಡ್ರೈವಿಗೆ ಬಂದವು. ಒಂದೂ ಉಳಿದಿಲ್ಲವೆಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಇವರು ಅಲ್ಲಿಂದ ಎದ್ದರು. ಹಳೆಯ ಡಬ್ಬವನ್ನು ಅಲ್ಲೇ ಬಿಟ್ಟು ಬಂದೆವು. ಬರುವಾಗ ಬಸ್ಸಿನಲ್ಲಿ ಅವರ ಕೈಗಳಿಗೆ ಕೆಲಸವಿರಲಿಲ್ಲ.

ಮರುದಿನದಿಂದ ಹೊಸದೇ ಗತಿ. ನಾನು ಕಲಿಸಲು ಕೂತೆ. ಕಲಿಸಿದೆ ಎಂದರೆ ಸುಳ್ಳಾಗುತ್ತದೆ, ಬೈದೆ. ಅವರ ಕೈ ಮೌಸೆಂಬ ಇಲಿಯನ್ನು ತಾನಾಗಿಯೇ ಎಡಮೂಲೆಗೆ ಎಳೆದುಕೊಂಡು ಹೋಗುತ್ತಿತ್ತು. ಅಲ್ಲಿ ಒತ್ತಿದರೆ ಹವಾಮಾನವೋ ಸುದ್ದಿಯೋ ಪರದೆಯ ತುಂಬ ಹರಡಿಕೊಳ್ಳುತ್ತಿತ್ತು. "ನಡುವ ಐತ್ರೀ, ನಡುವ!" ಎಂದು ನಾನು ದಿನಕ್ಕೆ ನಲವತ್ತು ಸಲ ಕೂಗುತ್ತಿದ್ದೆ. ಹಳೆಯ ಫೈಲುಗಳು ತೆರೆದರೂ, ಆ ಹಳೆಯ ಫಾಂಟು ಇಲ್ಲದ್ದರಿಂದ ಕನ್ನಡದ ಜಾಗದಲ್ಲಿ ಏನೇನೋ ಗೀಟು, ಚುಕ್ಕಿ, ಪ್ರಶ್ನೆಚಿಹ್ನೆ. ಅವನ್ನೆಲ್ಲ ಹೊಸದಾಗಿ ಟೈಪು ಮಾಡಬೇಕಿತ್ತು, ನನ್ನ ತಲೆ ಕೆಟ್ಟಿತ್ತು. ಇದು ನೆಪವಲ್ಲ, ನಡೆದದ್ದು ಹೇಳುತ್ತಿದ್ದೇನೆ.

ಅಂಥ ಒಂದು ದಿನ ಗೊರೇಬಾಳದ ಕಡೆಯ ಒಬ್ಬ ರೈತ ಮಗಳನ್ನು ಕರೆದುಕೊಂಡು ಬಂದ. ಲಿಂಗಸುಗೂರಿನ ಕಾಲೇಜಿನಲ್ಲಿ ಮಗಳ ಸೀಟಿಗೆ ಅರ್ಜಿ ಹಾಕಲು ಅದೇ ಕೊನೆಯ ದಿನ. ನಾನು ಝೆರಾಕ್ಸ್ ಮಷೀನಿನ ಹತ್ತಿರ ಇದ್ದೆ, ಇವರು ಕೂತರು. ಹುಡುಗಿಯ ಫೋಟೋ ಸ್ಕ್ಯಾನ್ ಮಾಡಿದರು, ಅದು ಎಲ್ಲಿ ಹೋಗಿ ಸೇರಿತೋ ಸಿಗಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿದರು. ಹುಡುಗಿ ಗೋಡೆಯ ಗಡಿಯಾರ ನೋಡಿದಳು. ನಾನು ಬಂದು ನೋಡಿದರೆ ಇಲಿಯ ಬಾಣ ಎಡಮೂಲೆಯಲ್ಲಿ ನಿಂತಿತ್ತು.

"ಏಳ್ರಿ ಮೊದ್ಲ! ನಿಮ್ಮ ಕೈಲಿ ಆಗಂಗಿಲ್ಲ ಇದು. ಎಷ್ಟ್ ಸಲ ಹೇಳಬೇಕು? ಸಣ್ಣ ಹುಡುಗರು ಕಲೀತಾವು!"

ಅವರು ಎದ್ದರು. ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡರು. ರೈತ ತಲೆ ತಗ್ಗಿಸಿದ, ಅವನ ಮಗಳು ನನ್ನನ್ನು ನೋಡಿದಳು. ಆ ನೋಟ ನನಗೆ ಮರೆಯುವುದಿಲ್ಲ. ಅರ್ಜಿ ಹತ್ತು ನಿಮಿಷದಲ್ಲಿ ಮುಗಿಯಿತು, ತಂದೆ ಮಗಳು ಹೊರಟರು. ಇವರು ಚಹಾ ಕುಡಿದು ಬರುತ್ತೇನೆಂದು ಹೋದವರು ಬರಲಿಲ್ಲ.

ಮರುದಿನ ಮೊಣಕಾಲು ನೋವೆಂದರು. ಅದರ ಮರುದಿನ ನಳ ಬರುತ್ತದೆ, ನೀರು ತುಂಬಬೇಕೆಂದರು. ಮೂರನೇ ದಿನ ಅಮಾವಾಸ್ಯೆ. ನಾಲ್ಕನೇ ದಿನ ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂಗಡಿಯಲ್ಲಿ ಮುದುಕರು ಬಂದು "ಯಜಮಾನ್ರು ಇಲ್ಲೇನವ್ವಾ? ನಾಳೆ ಬರ್ತೀವಿ ತಗೋ" ಎಂದು ಹೊರಳಿ ಹೋಗುತ್ತಿದ್ದರು. ಮನೆಗೆ ಹೋದರೆ ಅವರು ಮಂಚದ ಮೇಲೆ ಅಂಗೈಗಳನ್ನು ನೋಡುತ್ತಾ ಕೂತಿರುತ್ತಿದ್ದರು. ಡಬ್ಬಿಗಳನ್ನು ಕೂಡ ಮುಟ್ಟಿರಲಿಲ್ಲ. ಮುಟ್ಟಿ ಕದಲಿಸಿದ್ದರೆ ಸಂತೋಷಪಡುತ್ತಿದ್ದೆ. ಇವರು ಇನ್ನು ಹೀಗೇ ಕೂತುಬಿಡುತ್ತಾರೆ, ಹಾಗೆ ಕೂರಿಸಿದವಳು ನಾನೇ ಎಂಬ ಭಯ ನನ್ನನ್ನು ಹಿಡಿಯಿತು.

ಕೇಳಿ, ಹುಡುಕಿ, ಒಂದು ವಿಷಯ ತಿಳಿದುಕೊಂಡೆ. ಹೊಸ ವಿಂಡೋಸ್‌ನಲ್ಲೂ ಆ ಬಟನ್ನನ್ನು ಎಡಗಡೆಗೆ ಸರಿಸಬಹುದು. ಭಾನುವಾರ ಬೆಳಿಗ್ಗೆ ಒಬ್ಬಳೇ ಅಂಗಡಿ ತೆಗೆದೆ. ಬಟನ್ನನ್ನು ಮೂಲೆಗೆ ಸರಿಸಿದೆ. ಸುದ್ದಿ, ಹವಾಮಾನ ಎಲ್ಲ ಅಳಿಸಿದೆ. ಪರದೆಗೆ ಹಳೆಯದರಂತೆಯೇ ನೀಲಿ ಬಣ್ಣ ಹಾಕಿದೆ. ಟೈಪು ಮಾಡಿ ಮುಗಿಸಿದ್ದ ಅರ್ಜಿಗಳನ್ನು ಅವರ ನೋಟ್‌ಬುಕ್ ನೋಡಿ ಅದೇ ಕ್ರಮದಲ್ಲಿ ಜೋಡಿಸಿದೆ, ಮೂರನೆಯದು ಮರಣ, ನಾಲ್ಕನೆಯದು ಬಾಡಿಗೆ. ಮನೆಗೆ ಹೋಗಿ, ಒಂದು ಸಲ ಬರ್ರಿ ಎಂದು ಕರೆದೆ. ನನ್ನ ದನಿಯಲ್ಲಿ ಏನು ಕೇಳಿಸಿತೋ, ಚಪ್ಪಲಿ ಮೆಟ್ಟಿಕೊಂಡರು.

ಕೂತರು. ನೋಡಿದರು. ಕೈ ಎಡಮೂಲೆಗೆ ಹೋಯಿತು. ಒತ್ತಿದರು, ತೆರೆಯಿತು. ನನ್ನ ಕಡೆ ತಿರುಗಿದರು.

"ನನ್ನ ಸಲುವಾಗಿ ಮಾಡೀಯೇನು ಇದನ್ನ?"

"ಹೂಂ."

"ನಾಳೆ ಕಂಪನಿಯವರು ಮತ್ತೊಂದನ್ನ ಸರಸ್ತಾರ. ಎಷ್ಟಂತ ಸರಿಸಿಕೋತ ಕುಂದ್ರತೀ ನೀ?" ಇಲಿಯ ಮೇಲಿಂದ ಕೈ ತೆಗೆದರು. "ಒಂದ್ ಮಾತ್ ಹೇಳ್ತೀನಿ, ನಗಬ್ಯಾಡ. ಮೊದಲನೇ ಸಲ ಗಣಿಗೆ ಇಳಿದ ದಿನ ನಂಗ ಕಾಲು ನಡುಗಿದ್ವು. ಯಾರಿಗೂ ಹೇಳಲಿಲ್ಲ, ನಿಂಗೂ ಹೇಳಲಿಲ್ಲ. ಒಬ್ಬ ಹಿರ್ಯಾ ಇದ್ದ. ಒಂದು ವಾರ ಪೂರಾ ನನ್ನ ಮುಂದ ನಡೆದ. ಹಿಂಗ ಮಾಡು, ಹಂಗ ಮಾಡು ಅನ್ನಲಿಲ್ಲ, ಬೈಯಲಿಲ್ಲ. ಬರೇ ಮುಂದ ನಡೆದ. ಈಗ ಇದರ ಮುಂದ ಕುಂತ್ರ ನಂಗ ಅವತ್ತಿನಂಗ ಹೆದರಿಕಿ ಆಗತೈತಿ. ಖರೇನ ಆಗತೈತಿ. ನೀ ಮನ್ಯಾಗ ಬೈ, ಎಷ್ಟ್ ಬೇಕಾದ್ರೂ ಬೈ. ಮಂದಿ ಮುಂದ ಬೈಬ್ಯಾಡ."

ಇಷ್ಟು ವರ್ಷದ ಸಂಸಾರದಲ್ಲಿ ಅವರ ಬಾಯಿಂದ ಹೆದರಿಕೆ ಎಂಬ ಮಾತು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ನಾನೂ ಒಂದು ಮಾತು ಹೇಳಿರಲಿಲ್ಲ, ಆವತ್ತು ಹೇಳಿದೆ. ಪಾಳಿ ಮುಗಿದ ಸೈರನ್ನು ಕೂಗಿದ ಮೇಲೆ ಅವರು ಕ್ವಾರ್ಟರ್ಸಿನ ಬಾಗಿಲಿಗೆ ಬಂದು ನಿಲ್ಲುವವರೆಗೂ ನಾನು ಒಲೆಯ ಮುಂದೆ ಸುಮ್ಮನೆ ಪಾತ್ರೆ ಸರಿಸುತ್ತಾ ಇರುತ್ತಿದ್ದೆ. ಬಾಗಿಲಿಗೆ ಬಂದವರನ್ನು ಯಾಕಿಷ್ಟು ತಡ ಎಂದು ದಬಾಯಿಸುತ್ತಿದ್ದೆ. "ಅದು ಸಿಟ್ಟಲ್ರೀ, ನಂಗೂ ಹೆದರಿಕಿನ ಇತ್ತು" ಎಂದೆ.

"ಗೊತ್ತೈತಿ ನಂಗ" ಎಂದರು. "ಅದಕ್ಕ ಅಲ್ಲಿ ಸುಮ್ಮನ ಬೈಸಿಕೊಂಡಿದ್ದೆ."

ಆಮೇಲೆ ಬಟನ್ನನ್ನು ಮತ್ತೆ ನಡುವಿಗೆ ಸರಿಸಲು ಅವರೇ ಹೇಳಿದರು, ಸರಿಸಿದೆ. ಹೊಸ ನೋಟ್‌ಬುಕ್ ತೆಗೆದರು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಮಾಡುತ್ತಾ ಹೋದೆ, ಅವರು ಹಿಂದೆ ಹಿಂದೆ ಮಾಡಿದರು. ತಪ್ಪಿದಾಗಲೆಲ್ಲ ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದೆ. ಸಂಜೆಯಾಗುವಷ್ಟರಲ್ಲಿ ನಾಲಿಗೆ ಉರಿಯುತ್ತಿತ್ತು, ಸುಳ್ಳಲ್ಲ.

ಸೋಮವಾರ ಅಂಗಡಿ ತುಂಬ ಜನ. ಪಿಂಚಣಿ ಅರ್ಜಿಗೆ ಬಂದ ಒಬ್ಬ ಮುದುಕಿ ನೇರವಾಗಿ ಅವರ ಮುಂದೆ ಹೋಗಿ ಕೂತಳು. ಇವರು ಇಲಿ ಹಿಡಿದರು. ಬಾಣ ಎಡಮೂಲೆಗೆ ಹೋಯಿತು, ನಿಂತಿತು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ, ಹಾಗೇ ಕೂತುಕೊಂಡೆ. ಅಲ್ಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು. ಅವರು ಕನ್ನಡಕ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ, ಆ ಮುದುಕಿಗೆ ಹೇಳಿದರು:

"ಸ್ವಲ್ಪ ತಡ ಆಗತೈತಿ ಯವ್ವ, ಕುಂದ್ರು. ನಾ ಇಲ್ಲಿ ಹೊಸಬ ಅದೀನಿ."