ತಂಗಿಗೆ ಅಲ್ಲಿ ಏನಂತ ಕರೀತಾರೆ?

"ನಿಮಗೆ ಏನಾಗ್ಬೇಕು ಅವರು?" ಎಂದು ನರ್ಸ್ ಕೇಳಿದರು.

"ತಂಗಿ... ಇರಬಹುದು" ಎಂದೆ.

"ಇರಬಹುದು ಅಂದ್ರೆ? ತಂಗಿ ಹೌದೋ ಅಲ್ವೋ ಗೊತ್ತಿಲ್ವೇನ್ರೀ ನಿಮಗೆ?"

ಗೊತ್ತಿರಲಿಲ್ಲ. ಕಳೆದ ವಾರ ಸಾಗರದ ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನ ಬಾಗಿಲಲ್ಲಿ ನಿಂತು ನಾನು ಕೊಟ್ಟ ಉತ್ತರ ಇದು. ತಲೆ ಕೆಟ್ಟಿರಲಿಲ್ಲ. ಹೆದರಿದ್ದೆ, ಅಷ್ಟೆ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಕಡೆಯ ಸಹಕಾರ ಸಂಘವೊಂದು ಸದಸ್ಯರಿಗೆಲ್ಲ ಕಂಪ್ಯೂಟರಿನಿಂದ ಗುರುತಿನ ಚೀಟಿ ಮಾಡಿಸಲು ಹೊರಟಿದೆ. (ಕಂಪ್ಯೂಟರ್ ಇನ್ನೂ ಬಂದಿಲ್ಲ. ಅದು ಕೂರಲು ಒಂದು ಕೋಣೆಗೆ ಸುಣ್ಣ ಬಳಿದಾಗಿದೆ.) ಹೇಗೆ ಮಾಡಬೇಕೆಂದು ತಿಳಿಸಲು ಬೆಂಗಳೂರಿನಿಂದ ಇಬ್ಬರು ತಜ್ಞರು ಸಾಗರಕ್ಕೆ ಬಂದಿದ್ದರು. ಸ್ಥಳೀಯ ಸಲಹೆಗಾರರೂ ಇರಲಿ ಎಂದು ತೀರ್ಥಹಳ್ಳಿಯಿಂದ ನನ್ನನ್ನು ಕರೆಸಿದ್ದರು. ಪೇಪರಿನಲ್ಲಿ ವಾರವಾರ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಕೆಲವರು ನಂಬಿದ್ದಾರೆ. ನಾನೂ ನಂಬಿದ್ದೆ.

ಸಫಾರಿ ತೊಟ್ಟ ಹಿರಿಯ ತಜ್ಞರು ಚೆನ್ನಾಗಿಯೇ ಮಾತಾಡಿದರು. "ಫೋಟೋ ಹಳೇದಾಗುತ್ತೆ, ಸಹಿ ಬದಲಾಗುತ್ತೆ. ಹೆಸರು ಬದಲಾಗುತ್ತಾ? ಒಬ್ಬರಿಗೆ ಒಂದು ಹೆಸರು, ಒಂದು ನಂಬರ್. ಅಷ್ಟು ಕೊಡಿ ಸಾಕು, ಯಾರನ್ನ ಬೇಕಾದ್ರೂ ಮೆಷಿನ್ ಹುಡುಕಿ ಕೊಡುತ್ತೆ." ನಾವೆಲ್ಲ ತಲೆಯಾಡಿಸಿದೆವು. ಎಲ್ಲರಿಗಿಂತ ಜೋರಾಗಿ ನಾನು.

ಅಷ್ಟರಲ್ಲಿ ಒಬ್ಬ ಪೊಲೀಸ್ ಪೇದೆ ಬಾಗಿಲಲ್ಲಿ ಇಣುಕಿದ.

"ಹೊಸನಗರದ ಕಡೇರು ಯಾರಾದ್ರೂ ಇದ್ದೀರಾ ಸಾರ್? ಬಸ್ ಇಳಿಯೋವಾಗ ಒಬ್ರು ಹೆಂಗಸು ಬಿದ್ದು ತಲೆಗೆ ಪೆಟ್ಟಾಗಿದೆ. ಪ್ರಜ್ಞೆ ಇಲ್ಲ. ಹೊಸನಗರದಲ್ಲಿ ಹತ್ತಿದ್ರು ಅಂತಾನೆ ಕಂಡಕ್ಟರ್. ಜೊತೇಲಿ ಯಾರೂ ಇಲ್ಲ. ಕೈಚೀಲದಲ್ಲಿದ್ದ ಸ್ಟೀಲ್ ಡಬ್ಬಿ ಮೇಲೆ 'ಸುಮಿತ್ರಾ' ಅಂತ ಕೊರೆಸಿದೆ. ಗುರ್ತು ಉಂಟಾ?"

ಸುಮಿತ್ರಾ? ಯಾರಿಗೂ ಗುರುತಿಲ್ಲ. "ನಮ್ಮ ಪೈಕಿ ಆ ಹೆಸರಿನವರು ಯಾರೂ ಇಲ್ಲಪ್ಪ" ಎಂದೆ. ಪೇದೆ ಹೋದ. ಚಹಾ ಬಂತು.

ಲೋಟ ಬಾಯಿಗೆ ಹಿಡಿದವನು ಹಾಗೇ ಕೆಳಗಿಟ್ಟೆ.

ನನ್ನ ತಂಗಿ ಗಿರಿಜೆಯನ್ನು ಕೊಟ್ಟಿದ್ದು ಹೊಸನಗರದ ಹತ್ತಿರ. ಅವಳ ಅತ್ತೆಯ ಹೆಸರೂ ಗಿರಿಜೆಯೇ. ಅತ್ತೆಯ ಹೆಸರು ಹಿಡಿದು ಸೊಸೆಯನ್ನು "ಏ ಗಿರಿಜಾ, ಪಾತ್ರೆ ತೊಳಿ" ಎನ್ನಲು ಆಗುತ್ತದೆಯೇ? ಹಾಗಾಗಿ ಮದುವೆಯ ದಿನ ಭಾವ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದರು. ಅದೇನೆಂದು ಬರೆದರು? ನಾನು ಆಗ ಬಡಿಸುವವರ ಹಿಂದೆ ಓಡುತ್ತಿದ್ದೆ. ಆಮೇಲೂ ನಮಗೆ ಅವಳು ಗಿರಿಜೆಯೇ. ಕಾಗದ ಬರೆದರೆ ಕೊನೆಗೆ "ಇಂತಿ ನಿನ್ನ ತಂಗಿ" ಎನ್ನುತ್ತಾಳೆ. ನಾನು ಬರೆಯುವ ಕಾಗದದ ಮೇಲೆ ಭಾವನ ವಿಳಾಸ. ಹೆಸರಿನ ಜರೂರು ಬಿದ್ದದ್ದಾದರೂ ಯಾವಾಗ?

ಹಲ್ಲು ತೋರಿಸಲು ಸಾಗರಕ್ಕೆ ಬರಬೇಕು ಎಂದು ಹೋದ ತಿಂಗಳಷ್ಟೇ ಬರೆದಿದ್ದಳು.

ಅವಳ ಗಂಡನ ಮನೆಗೆ ಫೋನಿಲ್ಲ. ತೀರ್ಥಹಳ್ಳಿಯಲ್ಲಿ ನಮ್ಮ ಪಕ್ಕದ ಅಂಗಡಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕೂತೆ. ಲೈನ್ ಸಿಗುವಷ್ಟರಲ್ಲಿ ಉಗುರೆಲ್ಲ ಕಚ್ಚಿ ಮುಗಿಸಿದ್ದೆ. ಅಂಗಡಿಯವರು ಅಮ್ಮನನ್ನು ಕರೆತಂದರು. ಕಿರುಚಿದೆ, "ಅಮ್ಮಾ, ಗಿರಿಜೆಗೆ ಅಲ್ಲಿ ಏನಂತ ಕರೀತಾರೆ?"

"ಎಂಥದು? ಗಿರಿಜೆಗಾ? ಸು... ಸು ಅಂತ ಎಂಥದೋ ಶುರು ಆಗ್ತಿತ್ತು ಮಾರಾಯ. ಸುಮಿತ್ರಾನೋ, ಸುಭದ್ರಾನೋ... ಎಂಥಕ್ಕೆ ಕೇಳ್ತಿದ್ದೀಯ? ಅವಳು ಹುಷಾರಿದ್ದಾಳಲ್ವಾ?"

"ಸುಮ್ನೆ ಕೇಳ್ದೆ. ಇಲ್ಲೇನೋ ಬರ್ಕೊಬೇಕಿತ್ತು" ಎಂದೆ. ಇನ್ನೇನು ಹೇಳಲಿ? ಲೈನ್ ಕಟ್ಟಾಯಿತು. ಕಟ್ಟಾಗದಿದ್ದರೆ ನಾನು ಅತ್ತೇಬಿಡುತ್ತಿದ್ದೆ.

ಹಿರಿಯ ತಜ್ಞರು ಒಳ್ಳೆಯವರು. ತಮ್ಮ ಜೀಪಿನಲ್ಲೇ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಸಮಾಧಾನ ಮಾಡಲೆಂದೇ ಕೇಳಿದರು, "ಮಚ್ಚೆ ಗಿಚ್ಚೆ ಏನಾದ್ರೂ ಇದೆಯಾ? ಐಡೆಂಟಿಫಿಕೇಷನ್ ಮಾರ್ಕ್?"

ಚಿಕ್ಕವಳಿದ್ದಾಗ ಜೋಕಾಲಿಯಿಂದ ಬಿದ್ದಿದ್ದಳು, ಗದ್ದದ ಹತ್ತಿರ ಹೊಲಿಗೆ ಹಾಕಿಸಿದ್ದೆವು. ಎಡಗಡೆಯೋ, ಬಲಗಡೆಯೋ? ನೆನಪಾಗಲಿಲ್ಲ. ಎತ್ತಿ ಆಡಿಸಿದ ತಂಗಿ ಸ್ವಾಮಿ! ಸಂತೆಯ ಜನಜಂಗುಳಿಯಲ್ಲಿ ಬೆನ್ನು ನೋಡಿ ಹೇಳುತ್ತೇನೆ ಇವಳೇ ನಮ್ಮ ಗಿರಿಜೆ ಎಂದು. ಆದರೆ ಪರರಿಗೆ ಗುರುತು ಹೇಳು ಎಂದರೆ ನನ್ನ ಬಳಿ ಏನೂ ಇಲ್ಲ. ನಿಮ್ಮ ಬಳಿ ಇದೆಯೇ?

"ಆ ಕೊನೇ ಮಂಚ" ಎಂದರು ನರ್ಸ್.

ತಲೆಗೆ ದೊಡ್ಡ ಬ್ಯಾಂಡೇಜು. ಮುಖ ಗೋಡೆಯ ಕಡೆ. ಕೈಯಲ್ಲಿ ಹಸಿರು ಬಳೆ, ಗಿರಿಜೆಯೂ ಹಸಿರೇ ತೊಡುವುದು. ವಾರ್ಡಿನ ಉದ್ದಕ್ಕೂ ಒಂದೇ ಬೇಡಿಕೊಂಡೆ, ಯಾರಾದರೂ ಆಗಲಿ, ಗಿರಿಜೆಯಾಗುವುದು ಬೇಡ. ಯಾರಾದರೂ ಎಂದರೆ ಯಾರು? ಅದನ್ನು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆಚೆ ಸುತ್ತಿ ಹೋಗಿ ಮುಖ ನೋಡಿದೆ.

ಗಿರಿಜೆ ಅಲ್ಲ.

"ಅಬ್ಬಾ! ಬದುಕ್ದೆ" ಎಂದುಬಿಟ್ಟೆ, ಎಲ್ಲರಿಗೂ ಕೇಳುವಂತೆ. ಪಕ್ಕದ ಸ್ಟೂಲಿನ ಮೇಲೆ ಕೂತೆ. (ನಮ್ಮ ಗಿರಿಜೆಯ ಆ ಮನೆಯ ಹೆಸರು ಸುನಂದಾ. ಮರುದಿನವೇ ಹೋಗಿ ಕೇಳಿಕೊಂಡು ಬಂದೆ. "ಇಷ್ಟು ವರ್ಷ ಆದ್ಮೇಲೆ ಎಂಥಕ್ಕೆ ಬೇಕಾಯ್ತು ಅಣ್ಣಯ್ಯ?" ಎಂದು ನಕ್ಕಳು.)

ನರ್ಸ್ ನಗಲಿಲ್ಲ. "ನೀವು ಬದುಕಿದ್ರಿ ಸರಿ. ಇವರ ಗತಿ? ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ಬೇಕು ಅಂತಿದ್ದಾರೆ ಡಾಕ್ಟ್ರು. ಆಪರೇಷನ್ ಬೇಕಾದ್ರೂ ಆಗ್ಬಹುದು. ಸಂಬಂಧಪಟ್ಟೋರು ಒಬ್ರಾದ್ರೂ ಬೇಡ್ವಾ? ಹೊಸನಗರ ಸ್ಟೇಷನ್ನಿಗೂ ಹೇಳಿದ್ದಾಯ್ತು. ಸುಮಿತ್ರಾ ಅಂತ ಯಾರೂ ಕಾಣೆಯಾಗಿಲ್ಲ ಅಂತೆ."

ಹೋದ ಭಯ ಮತ್ತೆ ಬಂತು. ಈ ಹೆಂಗಸಿಗೂ ಒಬ್ಬ ಅಣ್ಣನೋ ತಮ್ಮನೋ ಇರುತ್ತಾನೆ. ಅವನನ್ನೂ ಯಾರೋ ಕೇಳಿರುತ್ತಾರೆ. ಅವನೂ ಇಲ್ಲ ಎಂದು ತಲೆಯಾಡಿಸಿ ಚಹಾ ಕುಡಿಯುತ್ತಿರುತ್ತಾನೆ. ಹೊತ್ತು ಮೀರಿದರೆ ಏನು ಗತಿ? ಬೆಂಗಳೂರಿನ ತಜ್ಞರೂ ಮಂಚದ ಕಂಬಿ ಹಿಡಿದು ಆಕೆಯ ಮುಖವನ್ನೇ ನೋಡುತ್ತಿದ್ದರು.

ಆಗ ಆಕೆ ಕಣ್ಣು ಬಿಟ್ಟಳು. ಪೂರ್ತಿ ಅಲ್ಲ, ಅರೆಬರೆ. ನರ್ಸ್ ಬಗ್ಗಿ ಕಿವಿಯ ಹತ್ತಿರ ಕೇಳಿದರು, "ಅಮ್ಮಾ, ಬೇಗ ಹೇಳಿ, ಮನೆಯೋರಿಗೆ ತಿಳಿಸ್ಬೇಕು. ನಿಮ್ಮ ಹೆಸರೇನು?"

ತುಟಿ ಒಣಗಿತ್ತು. ಮಾತು ಒಂದೊಂದಾಗಿ ಬಂತು.

"ಯಾವ್ದು ಹೇಳ್ಲಿ... ಅಪ್ಪನ ಮನೇದಾ, ಗಂಡನ ಮನೇದಾ?"