ಎರಡು-ಎಂಟರ ಬಳೆ

ಈರಮ್ಮತ್ತೆಯ ಕೈ ಸದಾ ನಡುಗುತ್ತಿತ್ತು, ಆದರೆ ಬಳೆ ತೊಡಿಸುವಾಗ ಒಂದೂ ಒಡೆಯುತ್ತಿರಲಿಲ್ಲ. ನನ್ನ ಕೈ ಬಂಡೆಯ ಹಾಗೆ ಗಟ್ಟಿ. ನಾನು ಮುಟ್ಟಿದ ಬಳೆ ಉಳಿದದ್ದೇ ಇಲ್ಲ. ಕುರುಗೋಡಿನ ಆಕೆಯ ಅಂಗಡಿಯಲ್ಲಿ ನಾನು ಕೂತ ದಿನ ಕಸಬರಿಗೆಗೆ ಪುರುಸೊತ್ತಿರುತ್ತಿರಲಿಲ್ಲ. "ಅಳಿಯಾ, ನೀ ದೂರ ನಿಂತು ಬರೇ ನಗು. ಅಷ್ಟು ಮಾಡಿದ್ರ ಸಾಕು ನನಗ" ಅನ್ನುತ್ತಿದ್ದಳು ನನ್ನ ಸೋದರತ್ತೆ.

ಆಕೆ ಗಿರಾಕಿಗಳನ್ನು ಹೆಸರಿನಿಂದಲ್ಲ, ಬಳೆಯ ಅಳತೆಯಿಂದ ನೆನಪಿಡುತ್ತಿದ್ದಳು. ಮೋಕದ ಎರಡು-ಆರು, ದೇಶನೂರಿನ ಎರಡು-ಹತ್ತು. ಬಸುರಿ, ಬಾಣಂತಿ, ಗಂಡನ ಮನೆಯಲ್ಲಿ ಊಟ ಸಾಲದ ಸೊಸೆ, ಎಲ್ಲರ ಸುದ್ದಿಯೂ ಮುಂಗೈ ಹಿಡಿದರೆ ತಿಳಿಯುತ್ತಿತ್ತು. ತನ್ನ ಸುದ್ದಿಯನ್ನೂ ಹಾಗೆಯೇ ಅಳೆದುಕೊಂಡಳು. ಅದೇ ಕೆಟ್ಟದ್ದಾಯಿತು.

ಎರಡು-ಎಂಟು ತೊಡುತ್ತಿದ್ದವಳು ಎಷ್ಟು ಉಂಡರೂ ಎರಡು-ನಾಲ್ಕಕ್ಕೆ ಇಳಿದಳು. ಚಳಿಯಲ್ಲೂ ಫ್ಯಾನ್ ಬೇಕು, ಎದೆ ಡವಡವ, ಕೊರಳಲ್ಲಿ ಗಂಟುಗಳು. ಬಳ್ಳಾರಿಗೆ ನನ್ನ ಬೈಕಿನಲ್ಲೇ ಕರೆದೊಯ್ದೆ. ದಾರಿ ತಪ್ಪಿ ಮೊದಲು ಮುಟ್ಟಿಸಿದ್ದು ದನದ ಆಸ್ಪತ್ರೆಗೆ. "ನಿಂದ್ರಸು ಗಾಡಿ. ಹೆಂಗೂ ಬಂದೀವಿ, ಮೊದಲ ನಿನ್ನ ತೋರಿಸಿ ಹೋಗೂನು" ಅಂದಳು.

ಮನುಷ್ಯರ ಡಾಕ್ಟರು, ಥೈರಾಯ್ಡ್ ಗಂಟುಗಳು ಅತಿಯಾಗಿ ಕೆಲಸ ಮಾಡುತ್ತಿವೆ ಎಂದು ಮಾತ್ರೆ ಬರೆದರು. "ಇಂಥ ಗಂಟಿನಾಗ ಕ್ಯಾನ್ಸರ್ ಕಡಿಮಿ. ಇಲ್ಲವೇ ಇಲ್ಲ ಅಂತಲ್ಲಮ್ಮ. ಗಂಟು ಬೆಳದ್ರ ಬರ್ರಿ, ಸೂಜಿ ಹಾಕಿ ನೋಡಬೇಕು." ಹೊರಗೆ ಬರುವಷ್ಟರಲ್ಲಿ ನಮ್ಮ ಕಿವಿಯಲ್ಲಿ 'ಕಡಿಮಿ' ಮಾತ್ರ ಉಳಿದಿತ್ತು. ಆಕೆ ಸಿರುಗುಪ್ಪದ ಸಂತೆಗೆ ಬಳೆ ಮಾರಲು ಹೋಗುವ ಹೊತ್ತಿಗೆ ಅದೂ 'ಇಲ್ಲ' ಆಗಿತ್ತು.

ಮಾತ್ರೆ ಹಿಡಿಯಿತು. ನಡುಕ ನಿಂತಿತು, ಮೈ ತುಂಬಿತು. ಎರಡು-ಎಂಟು ಮತ್ತೆ ಬಿಗಿಯಾಗಿ ಕೂತ ದಿನ ಓಣಿಯ ಹೆಂಗಸರಿಗೆಲ್ಲ ಪುಕ್ಕಟೆ ಹಸಿರು ಬಳೆ ತೊಡಿಸಿದಳು. ನಾನು ಮಿರ್ಚಿ ತಂದು ಹಂಚಿದೆ. ಹಂಚಿದ್ದಕ್ಕಿಂತ ತಿಂದದ್ದು ಹೆಚ್ಚು. ಎಲ್ಲರೂ ಆಕೆಯ ಕೈ ನೋಡಿದರು. ಕೊರಳನ್ನು ಯಾರೂ ನೋಡಲಿಲ್ಲ.

ಒಂದು ಗಂಟು ಕಲ್ಲಿನಂತಾಗಿ ಬೆಳೆಯಿತು, ದನಿ ಗೊಗ್ಗರಾಯಿತು. ಡಾಕ್ಟರಿಗೆ ತೋರಿಸೋಣ ಎಂದರೆ ಮುಂಗೈ ಚಾಚುತ್ತಿದ್ದಳು. "ನೋಡಲೇ, ಬಳಿ ಅಲ್ಲಾಡವಲ್ಲದು. ರೋಗ ಇದ್ದಾಕಿ ಕೈ ಹಿಂಗ ಇರತೈತೇನು?" ನಾನೂ ದೊಡ್ಡ ಪಂಡಿತನ ಹಾಗೆ ತಲೆಯಾಡಿಸಿದೆ.

ಗಂಟಲಲ್ಲಿ ನೀರು ಇಳಿಯದಾದಾಗ ಮತ್ತೆ ಬಳ್ಳಾರಿ. ಸೂಜಿ ಹಾಕಿ ನೋಡಿದರು. ಡಾಕ್ಟರು ಹೇಳಿದ ಆ ಕಡಿಮೆಯೊಳಗೆ ನಮ್ಮತ್ತೆ ಇದ್ದಳು. ಆಪರೇಷನ್ ಮಾಡುವ ಹೊತ್ತಿಗೆ ಕ್ಯಾನ್ಸರ್ ಶ್ವಾಸಕೋಶಕ್ಕೂ ಇಳಿದಿತ್ತು.

ಕೊನೆಯ ಸಲ ಕಂಡದ್ದು ಆಸ್ಪತ್ರೆಯ ಮಂಚದ ಮೇಲೆ. ಅಂಗಡಿಯಿಂದ ಬಳೆ ತಾ ಎಂದು ಹೇಳಿ ಕಳಿಸಿದ್ದಳು, ಎರಡು-ಎಂಟೇ ಬೇಕಂತೆ. ಆ ಕೈ ಎಷ್ಟು ಸೊರಗಿದೆ ಎಂದು ಕಂಡಿದ್ದ ನಾನು ಎರಡು-ಎರಡು ಒಯ್ದೆ. "ಎರಡು-ಎಂಟ ಅದಾವ, ಅತ್ತಿ" ಎಂದೆ. ಜೀವಮಾನವೆಲ್ಲ ಬಳೆ ಮಾರಿದವಳ ಮುಂದೆ ಬಳೆಯದೇ ಸುಳ್ಳು. ನನಗಲ್ಲದೆ ಯಾರಿಗೆ ಹೊಳೆದೀತು?

ಆಕೆ ಒಂದು ಬಳೆಯನ್ನು ಬೆರಳಲ್ಲಿ ತಿರುಗಿಸಿದಳು. ನನ್ನ ಮುಖ ನೋಡಿದಳು.

"ಹೌದು, ಎರಡು-ಎಂಟ ಐತಿ," ಉಳಿದಿದ್ದ ದನಿಯಲ್ಲಿ ಅಂದಳು. "ತೊಡಸು."

ತೊಡಿಸಿದೆ. ನನ್ನ ಕೈಯಲ್ಲಿ ಅವತ್ತು ಒಂದೂ ಒಡೆಯಲಿಲ್ಲ. ಒತ್ತುವ ಕೆಲಸವೇ ಇರಲಿಲ್ಲ.