ಕಾರಿನ ಮೂಗು

ನೀಲಗಂಗಮ್ಮ ಮೂರನೆಯ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಆದರೂ ಹರಪನಹಳ್ಳಿಯ ಆ ಓಣಿಯಲ್ಲಿ ಯಾರ ಮಗು ಯಾವ ಮಳೆಯಲ್ಲಿ ಹುಟ್ಟಿತು, ಯಾರ ಮದುವೆಯಲ್ಲಿ ಗೋಧಿಹುಗ್ಗಿ ತಳ ಹತ್ತಿತು ಎಂದು ತಿಳಿಯಬೇಕಾದರೆ ಅವಳ ಮನೆಯ ಕಟ್ಟೆಗೇ ಬರಬೇಕು. "ಅದು ಕಾರು ಬಂದ ಮರುವರ್ಷ", "ಅದು ಕಾರಿಗೆ ಹೊಸ ಸೀಟು ಹೊಲಿಸಿದ್ವಲ್ಲ, ಆವಾಗ" ಎಂದು ಹೇಳುತ್ತಾಳೆ. ಅವಳ ಪಂಚಾಂಗವೇ ಕಾರು.

ಮಜ್ಜಿಗೆ ಬಣ್ಣದ ಅಂಬಾಸಿಡರ್ ಅದು. ಗಂಡ ಶಿವಯೋಗಪ್ಪ ಬೀಜದ ಅಂಗಡಿ ಇಟ್ಟ ಹೊಸತರಲ್ಲಿ ಕೊಟ್ಟೂರಿನ ಹತ್ತಿ ವ್ಯಾಪಾರಿಯೊಬ್ಬರಿಂದ ತಂದದ್ದು. ಮೊದಲ ಸಲ ತವರೂರು ಚಿಗಟೇರಿಗೆ ಹೊರಟಾಗ, ಲಕ್ಷ್ಮಿಯಂಥ ಗಾಡಿಯೊಳಗೆ ಮೆಟ್ಟು ಹಾಕಿಕೊಂಡು ಹೇಗೆ ಕಾಲಿಡುವುದೆಂದು ಅವಳು ಚಪ್ಪಲಿಯನ್ನು ಬಾಗಿಲ ಬಳಿ ಬಿಟ್ಟು ಹತ್ತಿದ್ದಳು. ಚಿಗಟೇರಿಯಲ್ಲಿ ಇಳಿದು ಕಾಲಾಡಿಸಿ ಹುಡುಕಿದರೆ ಚಪ್ಪಲಿ ಎಲ್ಲಿ? ಹರಪನಹಳ್ಳಿಯ ಓಣಿಯಲ್ಲಿ! ಆಮೇಲೆ ಶಿವಯೋಗಪ್ಪ ಇರುವ ತನಕ, ಪ್ರತಿ ಸಲ ಕಾರು ಬಿಡುವ ಮೊದಲು "ಚಪ್ಪಲಿ ಹತ್ತಿದುವೇನು?" ಎಂದು ಕೇಳಿಯೇ ಕೀಲಿ ತಿರುಗಿಸುತ್ತಿದ್ದ.

ಆ ಕಾರು ಒಂದು ಮನೆಯದಾಗಿ ಉಳಿಯಲಿಲ್ಲ. ಓಣಿಯ ಹೆಣ್ಣುಮಕ್ಕಳು ಹೆರಿಗೆಗೆ ಹೋದದ್ದು ಅದರಲ್ಲಿ. ಮೆಕ್ಯಾನಿಕ್ ಮುರ್ತುಜಾಸಾಬನ ಹೆಂಡತಿ ಶಹಜಾನಬಿಗೆ ನೋವು ಬಂದಾಗಲೂ ಹಿಂದಿನ ಸೀಟಿನಲ್ಲಿ ನೀಲಗಂಗಮ್ಮನ ತೊಡೆಯ ಮೇಲೆ ತಲೆಯಿಟ್ಟೇ ಆಸ್ಪತ್ರೆ ಮುಟ್ಟಿದ್ದು. ಹೊಟ್ಟೆಯಲ್ಲಿದ್ದ ಮಗ ಮುಬಶ್ಶಿರ ಆಸ್ಪತ್ರೆಯ ಗೇಟು ದಾಟುವ ತನಕ ತಾಳಿದ್ದೇ ದೊಡ್ಡದು. ಅಂದಿನಿಂದ ಮುರ್ತುಜಾಸಾಬನಿಗೆ ಅವಳು ಅಕ್ಕ. ಆ ಕಾರಿಗೆ ಬೇರೆಯವರ ಪಾನಾ ತಾಗಲು ಅವನು ಬಿಟ್ಟವನಲ್ಲ.

ಶಿವಯೋಗಪ್ಪ ತೀರಿಕೊಂಡ ಮೇಲೆ ಅಂಗಡಿಯೂ ಕಾರೂ ಮಗ ಅರುಣಕುಮಾರನ ಕೈಗೆ ಬಂದವು. ಅವನಿಗೆ ಓಡಾಡಲು ಹೊಸ ಗಾಡಿ ಇದೆ. ಅಂಬಾಸಿಡರನ್ನು ಅವ್ವನ ಸಲುವಾಗಿ ಇಟ್ಟುಕೊಂಡಿದ್ದ. ಅವಳಿಗೆ ಹೊಸ ಗಾಡಿ ಹತ್ತಿದರೆ ಬಾವಿಗೆ ಇಳಿದಂತಾಗುತ್ತದೆ. ಇದರಲ್ಲಿ ಹಾಗಲ್ಲ. ಕಾಲು ಮಡಚಿ ಕೂರಬಹುದು, ಮಗ್ಗುಲಲ್ಲಿ ಬುಟ್ಟಿ ಇಡಬಹುದು, ಗಾಜು ಇಳಿಸಿ ದಾರಿಯವರನ್ನು ಮಾತಾಡಿಸಬಹುದು.

ಈ ದಸರೆ ಕಳೆದದ್ದೇ ಕಾರು ಹಠ ಹಿಡಿಯಿತು. ಊರು ದಾಟಿ ಸ್ವಲ್ಪ ದೂರ ಚೆನ್ನಾಗಿಯೇ ಓಡಿ, ಬಿಕ್ಕಳಿಸಿದಂತೆ ಮಾಡಿ ನಿಂತುಬಿಡುವುದು. ಎಷ್ಟು ಕೀಲಿ ತಿರುಗಿಸಿದರೂ ಕುರ್ ಕುರ್ ಎನ್ನುವುದೇ ಹೊರತು ಹೊತ್ತಿಕೊಳ್ಳದು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ, ಏನೂ ಆಗಿಯೇ ಇಲ್ಲವೆಂಬಂತೆ ಹೊರಡುವುದು. ಒಮ್ಮೆ ತೆಲಿಗಿಯ ದಾರಿಯಲ್ಲಿ ಹೀಗಾಯಿತು, ಇನ್ನೊಮ್ಮೆ ಇಲ್ಲೇ ಹತ್ತಿರದ ಅರಸೀಕೆರೆ ಸಂತೆಗೆ ಹೋಗುವಾಗ. ಮುರ್ತುಜಾಸಾಬ ಪ್ಲಗ್ ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ, ಪೆಟ್ರೋಲ್ ಪಂಪಿನೊಳಗಿನ ರಬ್ಬರು ಹೊಸದು ಹಾಕಿದ. ಅವನ ಶೆಡ್ಡಿನಲ್ಲಿ ಕಾರು ಸಾಧುವಿನಂತೆ ನಿಂತಲ್ಲೇ ಗುನುಗುತ್ತಿತ್ತು. ರಸ್ತೆಗೆ ಇಳಿದರೆ ಮತ್ತೆ ಅದೇ ಹಠ.

ಅರುಣಕುಮಾರನಿಗೆ ಸಾಕಾಯಿತು. ಮದುವೆಯ ಫೋಟೋಗಳಿಗೆ ಹಳೆಯ ಕಾರು ಒದಗಿಸುವ ದಾವಣಗೆರೆಯವರೊಬ್ಬರು ಅದನ್ನು ಕೇಳಿದ್ದರು.

"ನಾಳಿ ಬಂದು ಒಯ್ತಾರ ಯವ್ವಾ. ಅವರಿಗೆ ಓಡಾ ಗಾಡಿ ಬೇಕಿಲ್ಲ, ನಿಂದರಾದು ಬೇಕು. ಇದಕ್ಕೂ ನಿಂದರಾದು ಚಲೋ ಬರತೈತಿ," ಎಂದ.

ನೀಲಗಂಗಮ್ಮ ಅಳಲಿಲ್ಲ, ಊಟ ಬಿಡಲಿಲ್ಲ. ಸೀದಾ ಮುರ್ತುಜಾಸಾಬನ ಶೆಡ್ಡಿಗೆ ಹೋಗಿ ಅವನನ್ನು ಕರೆದುಕೊಂಡು ಬಂದು ಮಗನ ಮುಂದೆ ನಿಲ್ಲಿಸಿದಳು.

"ಇವತ್ತು ಚಿಗಟೇರ್ಯಾಗ ನಿಮ್ಮ ಸಣ್ಣವ್ವನ ಮೊಮ್ಮಗಳು ಸಮತಾನ ಕುಬಸ ಐತಿ. ಇದರಾಗ ಹೋಗಿ ಇದರಾಗ ಬರೂಣು. ಮುರ್ತುಜಾನ ಗಾಡಿ ಹೊಡಿಲಿ. ಸಂಜಿ ಒಳಗ ರೋಗ ಏನಂತ ಸಿಕ್ರ ಕಾರು ನಮ್ಮನ್ಯಾಗ ಇರತೈತಿ. ಸಿಗಲಿಲ್ಲಂದ್ರ ನಾಳಿ ಕೊಟ್ಟುಬಿಡು, ನಾ ತುಟಿ ಬಿಚ್ಚಂಗಿಲ್ಲ."

"ಖರೇ ಅರುಣಪ್ಪ," ಎಂದ ಮುರ್ತುಜಾಸಾಬ. "ಶೆಡ್ಡಿನಾಗ ಇದಕ್ಕ ರೋಗನ ಇಲ್ಲ. ಬಿದ್ದಾಗ ನಾ ಎದುರಿಗಿರಬೇಕು."

ಅರುಣಕುಮಾರ ಅವ್ವನ ಮುಖ ನೋಡಿ, "ಆತು ನಡೀರಿ," ಎಂದು ಮುಂದಿನ ಸೀಟಿನಲ್ಲಿ ಕೂತ. ಹಿಂದೆ ನೀಲಗಂಗಮ್ಮ, ಅವಳ ಮಗ್ಗುಲಲ್ಲಿ ಕರ್ಚಿಕಾಯಿ, ಶೇಂಗಾ ಉಂಡೆಯ ಬುಟ್ಟಿ. ಮುರ್ತುಜಾಸಾಬ ಕೀಲಿಗೆ ಕೈ ಹಾಕಿ ತಿರುಗಿ ನೋಡಿದ.

"ಚಪ್ಪಲಿ ಹತ್ತಿದುವೇನ್ರಿ ಅಕ್ಕಾರ?"

"ಹತ್ತ್ಯಾವ, ಬಿಡಪ್ಪ."

ಕಾರ್ತಿಕದ ಚಳಿ ಇನ್ನೂ ಇಳಿದಿರಲಿಲ್ಲ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಕಾರು ಅದನ್ನು ತಪ್ಪಿಸಿಕೊಂಡು ಸೊಗಸಾಗಿ ಹೋಗುತ್ತಿತ್ತು. ಇವತ್ತು ನಿಲ್ಲದಿದ್ದರೂ ಕಷ್ಟ, ರೋಗ ಸಿಗುವುದಿಲ್ಲ, ನಿಂತರೂ ಕಷ್ಟ. ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಅವಳು ಕೊರಳ ಲಿಂಗವನ್ನು ಸುಮ್ಮನೆ ಹಿಡಿದುಕೊಂಡು ಕೂತಳು. ಅಷ್ಟರಲ್ಲಿ ಬಿಕ್ಕಳಿಕೆ ಬಂತು. ಒಂದು, ಎರಡು, ಆಮೇಲೆ ಸದ್ದೇ ಇಲ್ಲ. ಕಾರು ಜೋಳದ ರಾಶಿಯ ಪಕ್ಕಕ್ಕೆ ಉರುಳಿ ನಿಂತಿತು.

"ನಿಂತ್ಕಂತು," ಎಂದ ಅರುಣಕುಮಾರ. ಗೆದ್ದವನ ದನಿ ಅದಾಗಿರಲಿಲ್ಲ.

ಮುರ್ತುಜಾಸಾಬ ಬಾನೆಟ್ ಎತ್ತಿದ. ಪ್ಲಗ್ಗಿನ ವೈರು ಕಿತ್ತು ಕಬ್ಬಿಣದ ಹತ್ತಿರ ಹಿಡಿದು ಅರುಣನಿಗೆ ಕೀಲಿ ತಿರುಗಿಸಲು ಹೇಳಿದ. ಚಟ್ ಎಂದು ನೀಲಿ ಕಿಡಿ ಹಾರಿತು. "ಬೆಂಕಿ ಐತಿ," ಎಂದ. ಆಮೇಲೆ ಕಾರ್ಬೊರೇಟರಿಗೆ ಬರುವ ಪೆಟ್ರೋಲಿನ ಪೈಪು ಬಿಚ್ಚಿ, ಪಂಪಿನ ಸಣ್ಣ ಹಿಡಿಯನ್ನು ಒತ್ತಿ ಒತ್ತಿ ನೋಡಿದ. ಒಂದು ಹನಿ ಬಂತು. ಮತ್ತೆ ಬರಲಿಲ್ಲ.

"ಪೆಟ್ರೋಲು ಬರವಲ್ದು."

"ಮುಂಜಾನಿ ಹಾಕಿಸೀನಿ ಕಾಕಾ, ಟ್ಯಾಂಕು ಅರ್ಧಕ್ಕಿಂತ ಮ್ಯಾಲ ಐತಿ."

"ಹಂಗಾರ ಪಂಪು ಕಾದೈತಿ. ಒಂದು ಹಸಿ ಬಟ್ಟಿ ಹಾಕೂಣು."

ಜೋಳ ತಿರುವುತ್ತಿದ್ದ ಸುಂಕಪ್ಪನೆಂಬ ರೈತ ಕಂಬಳಿ ಹೊದ್ದುಕೊಂಡೇ ಬಂದು ನಿಂತಿದ್ದ. ನೀರು ಕೇಳಿದ್ದಕ್ಕೆ ಕೊಡ ತಂದುಕೊಟ್ಟ, ಆದರೆ ಬಾಯಿ ಸುಮ್ಮನಿರಲಿಲ್ಲ.

"ಏನ್ರಿ ಸಾಬ್ರ, ನಾ ಚಳಿಗೆ ಕಂಬಳಿ ಹೊದ್ದು ನಿಂತೀನಿ, ನೀವು ಗಾಡಿಗೆ ತಣ್ಣೀರ ಬಟ್ಟಿ ಹಾಕ್ತೀರಿ. ಜ್ವರ ಬಂದೈತೇನ್ರಿ ಅದಕ್ಕ?"

ಮುರ್ತುಜಾಸಾಬ ಪಂಪಿನ ಮೇಲೆ ಅಂಗೈ ಇಟ್ಟ. ಇಟ್ಟವನು ತೆಗೆಯಲೇ ಇಲ್ಲ. "ಖರೇ ಹೇಳಿದಿ ನೋಡು. ಕೈ ಇಟ್ಟರೂ ತಾಳೂವಷ್ಟೈತಿ. ಬಿಸಿ ಅಲ್ಲ ಇದು." ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತ. ಅವನ ಕಡೆ ನೋಡಲು ನೀಲಗಂಗಮ್ಮನಿಗೆ ಸಂಕಟವಾಯಿತು. ಅರುಣಕುಮಾರ ಆಗಲೇ ಫೋನು ಕೈಗೆ ತೆಗೆದುಕೊಂಡಿದ್ದ.

"ನಮ್ಮ ಎತ್ತೂ ಹಿಂಗ ಮಾಡತಿತ್ರಿ," ಎಂದ ಸುಂಕಪ್ಪ. "ಒಂದೀಟು ದೂರ ಬಂದು ನಿಂತುಬಿಡದು. ನೋಡಿದ್ರ ಮೂಗುದಾರ ಬಿಗಿಯಾಗಿತ್ತು. ನಿಮ್ಮದಕ್ಕೂ ಮೂಗಿದ್ರ ನೋಡ್ರಿ."

ಅರುಣಕುಮಾರ ನಕ್ಕ. ನೀಲಗಂಗಮ್ಮ ನಗಲಿಲ್ಲ. ಮೂಗು ಎಂಬ ಮಾತು ಅವಳನ್ನು ಎಲ್ಲಿಗೋ ಒಯ್ದಿತ್ತು.

ಆಯುಧಪೂಜೆ. ಅವಳ ಒಂದು ಕೈಯಲ್ಲಿ ಕಲಸಿದ ವಿಭೂತಿಯ ಬಟ್ಟಲು. ದೀಪಕ್ಕೆ, ಗಾಲಿಗೆ, ಬಾನೆಟ್ಟಿಗೆ ಮೂರು ಮೂರು ಬೆರಳು ಎಳೆದುಕೊಂಡು ಬಂದು, ಹಿಂದೆ ಪೆಟ್ರೋಲ್ ಹಾಕುವ ಮುಚ್ಚಳಕ್ಕೆ ಕೈ ಚಾಚಿದರೆ ಶಿವಯೋಗಪ್ಪ ಮುಂಗೈ ಹಿಡಿಯುತ್ತಿದ್ದ. "ಎಲ್ಲಿ ಬೇಕಾದ್ರ ಬಳಿ. ಅದರ ಮೂಗು ಒಂದು ಬಿಡು." "ಅಯ್ಯ, ಮೂಗು ಹಿಂದ್ಯಾಕೈತ್ರಿ?" "ಮುಂದಿದ್ರ ನಿನ್ನಂಗ ಎಲ್ಲಾದ್ರಾಗೂ ತೂರಿಸತಿತ್ತು!" ಚೇಷ್ಟೆ ಮಾಡುತ್ತಾರೆಂದು ಅವಳೂ ನಕ್ಕು ಕೈ ಹಿಂದೆಗೆಯುತ್ತಿದ್ದಳು. ಅವನು ಹೋದ ಮೇಲೆ ಮಗ ಒಂದು ಹೂಮಾಲೆ, ಒಂದು ನಿಂಬೆಹಣ್ಣು ಎಂದು ಪೂಜೆ ಮುಗಿಸುತ್ತಿದ್ದ. ಈ ವರ್ಷ ಅವನಿಗೆ ಅಂಗಡಿಯಲ್ಲಿ ಪುರುಸೊತ್ತಿರಲಿಲ್ಲ, ಅವಳೇ ಮಾಡಿದಳು. ಮುಚ್ಚಳದ ಹತ್ತಿರ ಬಂದಾಗ, ಪಾಪ ಇದೊಂದಕ್ಕೇ ಇಷ್ಟು ವರ್ಷ ಪೂಜೆಯಿಲ್ಲ ಎಂದು ಮರುಗಿ, ಗಟ್ಟಿ ವಿಭೂತಿಯನ್ನು ಮೆತ್ತಿ ನಡುವೆ ಕುಂಕುಮ ಒತ್ತಿದ್ದಳು.

ಅವಳು ಸೆರಗು ಸರಿಮಾಡಿಕೊಂಡು ಕಾರಿನಿಂದ ಇಳಿದಳು.

"ಮುರ್ತುಜಾ, ಕಾರಿಗೆ ಮೂಗು ಇರತೈತೇನೋ?"

"ಅಕ್ಕಾರ, ಈ ಸುಂಕಪ್ಪನ ಮಾತು ಎಲ್ಲಿ ಹಿಡಕೊಂಡ್ರಿ..."

"ಅವನದಲ್ಲೋ. ಅರುಣನ ಅಪ್ಪಾರ ಮಾತು. ಟ್ಯಾಂಕಿನ ಮುಚ್ಚಳಕ್ಕ ಕೈ ಹಚ್ಚಿದ್ರ, ಮೂಗು ಬಿಡು ಅಂತಿದ್ರು. ಈ ಸಲ ನಾ ಹಚ್ಚೀನಿ."

ಮುರ್ತುಜಾಸಾಬ ಗಕ್ಕನೆ ಎದ್ದ. ಹಿಂದೆ ಹೋಗಿ ನೋಡಿದರೆ ವಿಭೂತಿ ಒಣಗಿ ಗಾರೆಯಂತೆ ಕೂತಿತ್ತು. ಅವನು ಮುಚ್ಚಳ ತಿರುವಿದ. ಸೊಂಯ್ ಎಂದು ಟ್ಯಾಂಕು ಉದ್ದಕ್ಕೆ ಗಾಳಿ ಎಳೆದುಕೊಂಡಿತು. ನೀರಿನಿಂದ ಮೇಲೆದ್ದವರು ಉಸಿರು ಎಳೆದುಕೊಂಡ ಹಾಗೆ.

"ಯಾ ಅಲ್ಲಾ! ಕೇಳಿದ್ರಾ?" ಅವನು ಹಣೆ ಚಚ್ಚಿಕೊಂಡ. "ಎಂಜಿನ್ನು ಪೆಟ್ರೋಲು ಕುಡದಂಗ ಟ್ಯಾಂಕಿನಾಗ ಆ ಜಾಗಕ್ಕ ಗಾಳಿ ಬರಬೇಕು. ಅದಕ್ಕಂತನ ಈ ಮುಚ್ಚಳದಾಗ ಸೂಜಿಯಂಥ ತೂತು ಐತಿ. ತೂತು ಮುಚ್ಚಿದ್ರ ಪಂಪು ಎಷ್ಟು ಜಗ್ಗಿದ್ರೂ ಏನು ಬರತೈತಿ? ನಿಂತಾಗ ಸಂದ್ಯಾಗಿಂದ ಸಣ್ಣಗ ಗಾಳಿ ಸೇರತಿತ್ತು, ಮತ್ತ ಹೊಂಡತಿತ್ತು."

"ದಸರಾದಿಂದ ಎಲ್ಲಾ ಬಿಚ್ಚೀಯಲ್ಲ ಕಾಕಾ, ಇದೊಂದು ಕಾಣಲಿಲ್ಲೇನು?"

"ಕಂಡೈತೋ ಮಾರಾಯ! ದಿನಾ ಕಂಡೈತಿ. ಅಕ್ಕಾರು ಪೂಜಿ ಮಾಡ್ಯಾರ, ನಾ ಹ್ಯಾಂಗ ಅಳಿಸಲಿ ಅಂತ ಸುತ್ತಮುತ್ತ ಒರಸಿ ಇದನ್ನ ಕಾಯ್ದು ಇಟ್ಟೀನಿ."

ಅರುಣಕುಮಾರ ಕಾರಿಗೆ ಆನಿಕೊಂಡು ಹೊಟ್ಟೆ ಹಿಡಿದು ನಕ್ಕ. "ಹಚ್ಚಿದಾಕಿ ಅವ್ವ, ಕಾಯ್ದಾತ ಕಾಕಾ. ನಿಮ್ಮಿಬ್ಬರ ಭಕ್ತಿಗೆ ಇದು ಉಸಿರು ಕಟ್ಟಿ ಸಾಯಾಕತ್ತಿತ್ತು!"

ನೀಲಗಂಗಮ್ಮ ಸೆರಗಿನ ಪಿನ್ನು ಬಿಚ್ಚಿ ಕೊಟ್ಟಳು. ಮುರ್ತುಜಾಸಾಬ ತೂತು ಕೆದಕಿ, ಬಾಯಿಯಿಂದ ಊದಿ ನೋಡಿದ. ಎದ್ದ ವಿಭೂತಿಯ ಚಕ್ಕೆಗಳನ್ನು ನೆಲಕ್ಕೆ ಬಿಡದೆ ಅಂಗೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದ. ಅವಳು ಅದನ್ನು ಹಣೆಗೆ ಹಚ್ಚಿಕೊಂಡು, ಸುಂಕಪ್ಪನ ಕೈಗೆ ಎರಡು ಕರ್ಚಿಕಾಯಿ ಇಟ್ಟು ಕಾರು ಹತ್ತಿದಳು.

"ಮೂಗು ಸಿಕ್ಕಿತ್ರಿ!" ಎಂದು ಅವನು ಕೂಗಿದ್ದು ಎಂಜಿನ್ನಿನ ಸದ್ದಿನಲ್ಲಿ ಅರ್ಧವೇ ಕೇಳಿಸಿತು.

ಕುಬಸದ ಮನೆಯಲ್ಲಿ ಬಸುರಿ ಸಮತಾಳ ಉಡಿ ತುಂಬುವಾಗ ನೀಲಗಂಗಮ್ಮ ಈ ಕಥೆಯನ್ನು ಹೆಂಗಸರಿಗೆ ಮೂರು ಸಲ ಹೇಳಿದಳು. ಪ್ರತಿ ಸಲವೂ ಗಂಡನ ಮಾತು ಬಂದಾಗ ಅವನ ದನಿಯಲ್ಲೇ ಹೇಳಿದಳು. ಸಂಜೆ ಮರಳುವಾಗ ಜೋಳದ ರಾಶಿ ದಾಟಿತು, ಊರಿನ ಕೆರೆ ಕಂಡಿತು. ಬಿಕ್ಕಳಿಕೆ ಬರಲೇ ಇಲ್ಲ.

ಮನೆಯ ಮುಂದೆ ಕಾರು ನಿಂತಾಗ ಅರುಣಕುಮಾರ ಕೂತಲ್ಲಿಂದಲೇ ದಾವಣಗೆರೆಗೆ ಫೋನು ಹಚ್ಚಿದ.

"ನಾಳಿ ಬರಬ್ಯಾಡ್ರಿ ಸರ. ಕಾರು ಕೊಡಂಗಿಲ್ಲ... ಇಲ್ರಿ, ಬ್ಯಾರೆ ಯಾರಿಗೂ ಅಲ್ಲ. ಗುಣ ಆತ್ರಿ... ರೋಗ ಅಂದ್ರ, ಏನಿಲ್ರಿ, ಮೂಗು ಕಟ್ಟಿತ್ತು. ನಮ್ಮವ್ವ ಬಿಡಿಸ್ಯಾಳ."

ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಿದ್ದ ನೀಲಗಂಗಮ್ಮ ಬಗ್ಗಿ ಕೆಳಗೆ ಕೈಯಾಡಿಸಿದಳು. ಚಪ್ಪಲಿ ಎರಡೂ ಅಲ್ಲೇ ಇದ್ದವು.